ಕಂಬಳಿ ಹೊದ್ದ ಚಿಲುಮೆ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ಜಾಗ ಹಿಡಿದು ಕೂತಿದ್ದವು. ಆಗ ಲೋಕದ ನೀರೆಲ್ಲ ತಣ್ಣಗಿತ್ತು. ಹೊಳೆ ತಣ್ಣಗೆ, ಕೆರೆ ತಣ್ಣಗೆ, ನೆಲದೊಳಗಿನ ನೀರಂತೂ ಇನ್ನೂ ತಣ್ಣಗೆ.

ಆ ಕಾಲದಲ್ಲಿ ದೇಮವ್ವ ಎಂಬ ಕುರಿ ಕಾಯುವ ಹೆಂಗಸು ಇದ್ದಳು. ಅವಳಿಗೆ ಲಗಮವ್ವ ಎಂಬ ಒಬ್ಬಳೇ ಮಗಳು. ಒಂದು ಚಳಿಗಾಲ ಲಗಮವ್ವನ ಮೊಣಕಾಲು ಬಾತು ಬಿಗಿದುಕೊಂಡವು. ಲಕ್ಕಿ ಸೊಪ್ಪು ಕಟ್ಟಿದರು, ಎಣ್ಣೆ ತಿಕ್ಕಿದರು. ಮಡಚಿದ ಕಾಲು ಮಡಚಿದಂತೆಯೇ ಉಳಿಯಿತು.

ಅಷ್ಟರಲ್ಲಿ ಹುಲ್ಲು ಮುಗಿಯಿತು. ಮಂದೆ ಬೆಟ್ಟದಾಚೆ ಹೋಗಲೇಬೇಕು, ಇಲ್ಲದಿದ್ದರೆ ಮರಿಗಳು ಸಾಯುತ್ತವೆ. ದೇಮವ್ವ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಅರ್ಧ ಬೆಟ್ಟ ಏರುವಷ್ಟರಲ್ಲಿ ಏದುಸಿರು ಬಂತು.

“ನನ್ನ ಇಲ್ಲೇ ಬಿಟ್ಟು ಹೋಗವ್ವಾ. ಮರಿಗಳರ ಬದುಕಲಿ,” ಎಂದಳು ಲಗಮವ್ವ.

“ಬಾಯಿ ಮುಚ್ಚು!” ಎಂದಳು ದೇಮವ್ವ. ಎಂದವಳೇ ಅಳತೊಡಗಿದಳು.

ಅಲ್ಲೊಂದು ಕರಿಬಂಡೆ. ಅದರ ಬುಡದಲ್ಲಿ ಮುದ್ದಯ್ಯಜ್ಜ ಎಂಬ ಸಾಧು ಕೂತಿದ್ದ. ಹೊದ್ದ ಕಂಬಳಿ ಬಿಟ್ಟರೆ ಅವನದೆಂಬುದು ಇನ್ನೇನೂ ಇರಲಿಲ್ಲ.

“ಯಜ್ಜಾ, ಕೂಸಿಗೆ ಏನರ ಔಷಧ ಐತೇನು?”

“ನನ್ನ ಹತ್ರ ಇಲ್ಲ ಮಗಳ. ಬಂಡೆ ಕೆಳಗಿನ ನೀರಿನ ಹತ್ರ ಐತಿ. ಗಿಡಮೂಲಿಕೆ ಬೇರಿನ ಸತ್ವ ಎಲ್ಲಾ ಕುಡಿದೈತಿ ಅದು. ಆದ್ರ ಹೊರಗ ಬರಾಕ ಒಲ್ಲೆ ಅಂತೈತಿ.”

ದೇಮವ್ವ ಬಂಡೆಯ ಬಿರುಕಿಗೆ ಬಾಯಿಟ್ಟು ಕರೆದಳು. “ಬಾರವ್ವಾ ಗಂಗವ್ವಾ, ಬಾ!”

“ಒಲ್ಲೆ,” ಎಂದಿತು ನೀರು ಒಳಗಿನಿಂದ. “ಮೊದಲೇ ಥಂಡಿಗೆ ನಡುಗಾಕತ್ತೀನಿ. ಹೊರಗ ಗಾಳಿ ಕೊರೀತೈತಿ.”

“ನಾ ಏನು ಬೇಕಂತ ಕೊರೀತೀನೇನು?” ಗಾಳಿ ಮುಖ ಸಣ್ಣ ಮಾಡಿತು. “ನನ್ನ ಹುಟ್ಟುಗುಣ ಅದು.”

ಮುದ್ದಯ್ಯಜ್ಜ ಕಂಬಳಿ ತೆಗೆದು ಬಿರುಕಿನೊಳಗೆ ಇಳಿಬಿಟ್ಟ. “ಹೊದ್ಕೋ ಕೂಸ,” ಎಂದ.

ಒಳಗೆ ಗುಳುಗುಳು ಎಂದಿತು. ನೀರು ಕಂಬಳಿ ಹೊದ್ದು, ಮೈ ಬೆಚ್ಚಗಾಗಿ, ಮೆಲ್ಲಗೆ ಹೊರಗೆ ಬಂತು. ದೇಮವ್ವ ಮಗಳನ್ನು ಅದರಲ್ಲಿ ಕೂರಿಸಿದಳು. ನೀರು ಮೊಣಕಾಲು ಸವರಿತು, ಮತ್ತೆ ಸವರಿತು.

“ಯವ್ವಾ, ಕಾಲ್ಬೆರಳು ಅಲ್ಲಾಡಾಕತ್ತಾವ!”

ಬೆರಳು ಆಡಿತು, ಹಿಮ್ಮಡಿ ಆಡಿತು, ಮೊಣಕಾಲು ಬಿಚ್ಚಿತು. ಹೊತ್ತು ಏರುವಷ್ಟರಲ್ಲಿ ಲಗಮವ್ವ ಎದ್ದು ನಿಂತಳು. ದೇಮವ್ವನ ಎದೆಯ ಮೇಲಿನ ಬಂಡೆ ಇಳಿದಂತಾಯಿತು.

ತಿರುಗಿ ನೋಡಿದರೆ ಅಜ್ಜ ಬರಿಮೈಯಲ್ಲಿ ಗಡಗಡ ನಡುಗುತ್ತಿದ್ದಾನೆ!

“ಯಜ್ಜಾ, ನಿನ್ನ ಕಂಬಳಿ ತಗೋ,” ಎಂದಿತು ನೀರು ಗಾಬರಿಯಿಂದ.

“ಬ್ಯಾಡ, ನೀನಾ ಇಟ್ಕೋ. ನಾಳೆ ಮತ್ತೊಬ್ಬರ ಕಾಲು ನೋಯ್ತಾವು.”

ದೇಮವ್ವ ಸಿಳ್ಳೆ ಹಾಕಿದಳು. ಮಂದೆಯೆಲ್ಲ ಓಡಿ ಬಂತು. ಕುರಿಗಳು ಅಜ್ಜನನ್ನು ಸುತ್ತುವರಿದು ಮೈಗೆ ಮೈ ಒತ್ತಿ ನಿಂತವು. ಮರಿಯೊಂದು ಅವನ ತೊಡೆಯೇರಿ ಮಲಗಿಯೇಬಿಟ್ಟಿತು. ಗಾಳಿಯೂ ಸದ್ದಿಲ್ಲದೆ ಬೆಟ್ಟದಾಚೆ ಸರಿಯಿತು. ಅಜ್ಜನ ನಡುಕ ನಿಂತಿತು.

“ಹ್ಞಾಂ, ಈಗ ಆತು ನೋಡು,” ಎಂದು ನಕ್ಕ.

ಅವನು ಚೆನ್ನಾಗಿ ಬೆಚ್ಚಗಾದ ಮೇಲೆಯೇ ತಾಯಿ, ಮಗಳು, ಮಂದೆ ಬೆಟ್ಟ ದಾಟಿದ್ದು. ಲಗಮವ್ವ ತನ್ನ ಕಾಲಲ್ಲೇ ನಡೆದಳು, ಮರಿಗಳಿಗಿಂತ ಮುಂದೆ.

ಅದಕ್ಕೇ ನೋಡು ಪುಟ್ಟಾ, ಮಾಗಿಯ ಬೆಳಗಿನಲ್ಲಿ ಹೊಳೆ, ಕೆರೆ ಎಲ್ಲ ಕೊರೆಯುತ್ತಿರುವಾಗ ಆ ಬಂಡೆಯ ಕೆಳಗಿನ ಚಿಲುಮೆ ಮಾತ್ರ ಬೆಚ್ಚಗಿರುತ್ತದೆ, ಅದರ ಮೇಲೆ ಉಣ್ಣೆಯ ಎಳೆಯಂಥ ಹಬೆ ಏಳುತ್ತಿರುತ್ತದೆ.