ಹತ್ತು ಗಂಟೆಯ ಚಹಾ

"ಗುರುಗಳೇ, ನನಗೆ ಒಳ್ಳೆಯದು ಮಾಡಿದ್ದನ್ನೇ ಅವರಿಗೂ ಕೊಟ್ಟೆ. ಅವರೇಕೆ ಮುಖ ತಿರುಗಿಸಿದರು?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚನ್ನಬೀರ. ಕಲ್ಲು ಒಡೆಯುವವರ ಕೇರಿಯಲ್ಲಿ ಎರಡು ತಿಂಗಳು ಇದ್ದು, ಅಂದೇ ಮಠಕ್ಕೆ ಮರಳಿದ್ದ. ಅಲ್ಲಿ ಅವನು ಉಪವಾಸದ ಮಹಿಮೆಯನ್ನು ಬೋಧಿಸಿದ್ದ. ಉಪವಾಸದಿಂದ ಅವನ ಹೊಟ್ಟೆಯ ಉರಿ ಹೋಗಿತ್ತು, ಸಿಟ್ಟು ಇಳಿದಿತ್ತು. ಅಂದರೆ ಅವನು ಹೇಳಿದ್ದು ಬರೀ ಬಾಯಿಮಾತಲ್ಲ, ಅನುಭವ. ಆದರೂ ಕೇಳಲು ಬರುವವರು ದಿನದಿನಕ್ಕೆ ಕಡಿಮೆಯಾದರು. ಕೊನೆಯ ವಾರ ಯಾರೂ ಬರಲಿಲ್ಲ. ಮತ್ತೆ ಅಲ್ಲಿಗೆ ಹೋಗಿ ಇನ್ನೂ ಗಟ್ಟಿಯಾಗಿ ಹೇಳಬೇಕೆಂಬುದು ಅವನ ಆಸೆಯಾಗಿತ್ತು.

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಚಹಾ ವ್ಯಾಪಾರಿ ಇದ್ದ. ಅವನ ಉಗ್ರಾಣದಲ್ಲಿ ಹನ್ನೆರಡು ಹೆಂಗಸರು ಕೆಲಸ ಮಾಡುತ್ತಿದ್ದರು. ಚಹಾ ಎಲೆಯಲ್ಲಿ ಕಡ್ಡಿ, ನಾರು ಉಳಿದಿರುತ್ತದೆ. ಅದನ್ನು ಕೈಯಿಂದ ಆರಿಸಿ ತೆಗೆಯಬೇಕು. ನೆಲದ ಮೇಲೆ ಕುಳಿತು, ಮೊರ ಮುಂದಿಟ್ಟುಕೊಂಡು, ಸಂಜೆಯವರೆಗೆ ಅದೇ ಕೆಲಸ.

ಅಲ್ಲಿ ವ್ಯಾಪಾರಿಯ ತಂದೆಯ ಕಾಲದಿಂದ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲರಿಗೂ ಚಹಾ ಬರುತ್ತಿತ್ತು. ಗಟ್ಟಿ ಹಾಲು, ಧಾರಾಳ ಬೆಲ್ಲ ಹಾಕಿ ಕುದಿಸಿದ ಚಹಾ. ಜೊತೆಗೆ ತಲೆಗೆ ಎರಡು ರಸ್ಕು. ವ್ಯಾಪಾರಿಗೆ ಅದು ಚಹಾ. ಹೆಂಗಸರಿಗೆ ಅದು ಬೆಳಗಿನ ಊಟ. ಈ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಆ ಹನ್ನೆರಡು ಜನರಲ್ಲಿ ಒಬ್ಬಳು ಬಾಣಂತಿ. ಕೂಸಿಗೆ ಎರಡು ತಿಂಗಳು. ಅದನ್ನು ಉಗ್ರಾಣದ ಜಗಲಿಯಲ್ಲಿ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದಳು. ಮನೆಯಲ್ಲಿ ರಾತ್ರಿ ಉಳಿದ ಮುದ್ದೆ ಬೆಳಿಗ್ಗೆ ಗಂಡನಿಗೂ ದೊಡ್ಡ ಮಕ್ಕಳಿಗೂ ಸಾಲುತ್ತಿತ್ತು, ಅವಳಿಗೆ ಉಳಿಯುತ್ತಿರಲಿಲ್ಲ. ಹತ್ತು ಗಂಟೆಗೆ ರಸ್ಕು ಅದ್ದಿಕೊಂಡು ತಿಂದು, ಲೋಟ ಬರಿದುಮಾಡಿ, ಆಮೇಲೆ ಕೂಸಿಗೆ ಮೊಲೆ ಕೊಡುತ್ತಿದ್ದಳು. ಅಷ್ಟೊತ್ತಿಗೆ ಎದೆ ತುಂಬುತ್ತಿತ್ತು.

ಆ ಕೂಸು ಹುಟ್ಟುವ ಮೊದಲೇ ವ್ಯಾಪಾರಿಗೆ ಕಾಯಿಲೆ ಬಂದಿತ್ತು. ಹೊಟ್ಟೆ ಮುಂದೆ ಬಂದಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು, ರಕ್ತದಲ್ಲಿ ಸಕ್ಕರೆ ಏರಿತ್ತು. ವೈದ್ಯರು ಹೇಳಿದರು: ಹಾಲು, ಬೆಲ್ಲ, ಮೈದಾ ಬಿಡು, ತಿನ್ನುವುದು ಕಡಿಮೆ ಮಾಡು, ದಿನಾ ನಡೆ, ಚಹಾ ಬೇಕೆನಿಸಿದರೆ ಗ್ರೀನ್ ಟೀ ಕುಡಿ, ಬರೀ ಎಲೆ, ಬಿಸಿನೀರು. ಅವನು ಹಾಗೆಯೇ ಮಾಡಿದ. ಆರು ತಿಂಗಳಲ್ಲಿ ಹೊಟ್ಟೆ ಇಳಿಯಿತು, ಉಸಿರು ಹಗುರಾಯಿತು, ನಿದ್ದೆ ಬಂತು. ವೈದ್ಯರು ನಾಲ್ಕು ಮಾತು ಹೇಳಿದ್ದರು. ಅವನ ನೆನಪಿನಲ್ಲಿ ಉಳಿದದ್ದು ಎಲೆ ಒಂದೇ.

ಅವನು ಕೆಟ್ಟವನಲ್ಲ. ಇದನ್ನು ಮರೆಯಬಾರದು, ಏಕೆಂದರೆ ಕೆಟ್ಟವನಾಗಿದ್ದರೆ ಈ ಕತೆ ಹೇಳಬೇಕಾಗಿಯೇ ಇರಲಿಲ್ಲ. ತನಗೆ ಸಿಕ್ಕಿದ ಸುಖ ತನ್ನ ಆಳುಗಳಿಗೂ ಸಿಗಲಿ ಎಂದುಕೊಂಡ. ಒಂದು ಸೋಮವಾರ ಹಾಲಿನ ಚಹಾ ನಿಲ್ಲಿಸಿದ, ರಸ್ಕು ನಿಲ್ಲಿಸಿದ. ತಾನು ಕುಡಿಯುವ ಎಲೆಯನ್ನೇ ಹೆಂಗಸರಿಗೂ ಹಾಕಿಸಿದ. ಅದು ಹಾಲಿನ ಚಹಾಕ್ಕಿಂತ ದುಬಾರಿ. ಉಳಿತಾಯಕ್ಕೆಂದು ಮಾಡಿದ್ದಲ್ಲ.

"ಕುಡೀರಮ್ಮ, ಕಹಿ ಅಂತ ಮುಖ ಕಿವುಚಬೇಡಿ," ಎಂದ. "ಕೊಬ್ಬು ಕರಗುತ್ತೆ. ಹೃದಯಕ್ಕೆ ಒಳ್ಳೇದು. ಹಸಿವೂ ಅಷ್ಟಾಗಿ ಆಗಲ್ಲ."

ಮುದುಕಿಯೊಬ್ಬಳು ಲೋಟದೊಳಗೆ ಇಣುಕಿ ನೋಡಿದಳು. "ಧಣೇರ ಹೊಟ್ಟೆ ಇಳೀತು ಅಂತ ನಮ್ಮದೂ ಇಳಿಸ್ತಾರೆ ಕಣ್ರೇ. ನಂದು ಬೆನ್ನಿಗೆ ಅಂಟಿಕೊಂಡು ಹತ್ತು ವರ್ಷ ಆಯ್ತು!"

ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕ. ಬಾಣಂತಿಯೂ ನಕ್ಕು, ಕುಡಿದಳು.

ಮೊದಲ ವಾರ ಎದೆಯಲ್ಲಿ ಹಾಲು ಕಡಿಮೆಯಾಯಿತು. ಹಸಿವು ಸತ್ತಂತಾಗಿದ್ದರಿಂದ ಮೈಯಲ್ಲಿ ಕಸುವು ಇಳಿಯುತ್ತಿರುವುದು ಅವಳಿಗೇ ತಿಳಿಯಲಿಲ್ಲ. ಎರಡನೆಯ ವಾರ ಕೂಸು ಮೊಲೆಯನ್ನು ಚೀಪಿ ಚೀಪಿ, ಬಿಟ್ಟು ಅಳತೊಡಗಿತು. ಮೂರನೆಯ ವಾರ ಅವಳು ಮೊರದ ಮೇಲೆಯೇ ಕುಸಿದುಬಿದ್ದಳು. ವ್ಯಾಪಾರಿ ಓಡಿಬಂದು ಕೈಯಾರೆ ನೀರು ಚಿಮುಕಿಸಿದ. "ಇವಳಿಗೆ ಎರಡು ಲೋಟ ಕೊಡಿ," ಎಂದ.

ಅವಳು ಎದ್ದು ಕುಳಿತು ಹೇಳಿದಳು: "ಧಣಿ, ಇದು ಕರಗಿಸುತ್ತೆ ಅಂತೀರಿ. ಕರಗೋಕೆ ಒಳಗೆ ಏನಾದ್ರೂ ಇರಬೇಕಲ್ಲ?"

ಅವನು ಅದನ್ನು ತಮಾಷೆ ಎಂದುಕೊಂಡ. ಇಂಥ ಮಾತುಗಳಿಗೆ ನಗುವುದು ಅವನಿಗೆ ರೂಢಿಯಾಗಿತ್ತು. ಅವಳು ಮತ್ತೆ ಹೇಳಲಿಲ್ಲ. ಹಳೆಯ ಚಹಾ ಕೊಡಿ ಎಂದು ಕೇಳಿದರೆ, ಇಷ್ಟು ದುಬಾರಿ ಎಲೆ ಕೊಟ್ಟರೂ ತೃಪ್ತಿಯಿಲ್ಲ ಎಂದಾರು ಎಂಬ ನಾಚಿಕೆ. ಕೊಟ್ಟಿದ್ದು ಕೆಟ್ಟದ್ದಾಗಿದ್ದರೆ ಜಗಳವಾಡಬಹುದಿತ್ತು. ಒಳ್ಳೆಯದರ ಮೇಲೆ ಹೇಗೆ ಜಗಳವಾಡುವುದು?

ಮನೆಯಲ್ಲಿ ಕೂಸಿಗೆ ಗಂಜಿಯ ತಿಳಿ ಹಾಕಿದಳು. ಅದು ಒಗ್ಗಲಿಲ್ಲ. ಭೇದಿ ಹಿಡಿಯಿತು. ಕೂಸು ಉಳಿಯಲಿಲ್ಲ.

ವ್ಯಾಪಾರಿ ಅವಳ ಗುಡಿಸಲಿಗೆ ಬಂದ. ಯಾರೂ ಕರೆಯದಿದ್ದರೂ ಬಂದ, ನೆಲದ ಮೇಲೆಯೇ ಕುಳಿತ. ಅವನ ಕಣ್ಣಲ್ಲಿ ನೀರಿತ್ತು, ಅದು ತೋರಿಕೆಯದಲ್ಲ.

"ಹಾಲೂಡಿಸುವವಳು ಹೊಟ್ಟೆ ತುಂಬ ಉಣ್ಣಬೇಕಿತ್ತಮ್ಮ," ಎಂದ.

"ಹೌದು ಧಣಿ," ಎಂದಳು.

ಏಳುವಾಗ ಅವನು ಒಂದು ಪೊಟ್ಟಣ ಇಟ್ಟು ಹೋದ. ಅವನ ಅಂಗಡಿಯ ಎಲ್ಲಕ್ಕಿಂತ ಒಳ್ಳೆಯ ಹಸಿರು ಎಲೆ. ಮನಸ್ಸಿಗೆ ಸಮಾಧಾನ ಕೊಡುತ್ತದೆ ಎಂದು ಅವನು ನಂಬಿದ್ದ.

ಇಷ್ಟು ಹೇಳಿ ಗುರು ಕತೆ ಮುಗಿಸಿದರು.

ಚನ್ನಬೀರನಿಗೆ ಮೈ ಉರಿಯಿತು. ಉಪವಾಸದಿಂದ ಇಳಿದಿದ್ದ ಸಿಟ್ಟು ಮತ್ತೆ ಏರಿತು. "ಎಂಥ ಕುರುಡ ಅವನು! ಬೆಳಿಗ್ಗೆ ಏನು ತಿಂದು ಬರುತ್ತೀಯಮ್ಮ ಎಂದು ಒಂದು ದಿನವಾದರೂ ಕೇಳಬಾರದಿತ್ತೇ?"

ಗುರು ಅವನನ್ನೇ ನೋಡುತ್ತ ಕೇಳಿದರು: "ಆ ಎರಡು ತಿಂಗಳು ದಿನಾ ನಿನಗೆ ಊಟ ಬಡಿಸಿದ ಮನೆಯವರು, ನೀನು ಎಲೆಯಿಂದ ಎದ್ದ ಮೇಲೆ ಏನು ಉಂಡರು?"