ಆಟಗೇಡಿ ಬಂಡೆ

ಸೀರಲದಿನ್ನಿ ತುಂಗಭದ್ರೆಯ ಎಡದಂಡೆಯಿಂದ ಎರಡು ಹರದಾರಿ ಒಳಗಿರುವ ಊರು. ಊರಿನ ಪಡುವಣಕ್ಕೆ ಕಲ್ಲುಗುಡ್ಡವೊಂದು ಮೊರದ ಹಾಗೆ ಬಾಗಿ ನಿಂತು ತನ್ನ ಒಡಲಲ್ಲಿ ಒಂದು ಬಯಲನ್ನು ಇಟ್ಟುಕೊಂಡಿದೆ. ಗುಡ್ಡದ ಬುಡದಲ್ಲಿ ಮೂಡಣಕ್ಕೆ ಮುಖ ಮಾಡಿದ ಅಗಲವಾದ ಹಾಸುಗಲ್ಲಿದೆ. ಅದರ ಮೇಲೆ ನಿಂತು ಮೆಲ್ಲಗೆ ಮಾತಾಡಿದರೂ ಬಯಲಿನ ಕೊನೆಗೆ ಕೂತವರಿಗೆ ಕೇಳಿಸುತ್ತದೆ. ಇದೇ ಊರಿನ ಆಟದ ಕಟ್ಟೆ. ಕಟ್ಟೆಯ ಬಲಕ್ಕೆ ಹನ್ನೆರಡು ಹೆಜ್ಜೆ ದೂರದಲ್ಲಿ ಎದೆಯೆತ್ತರದ ಒಂಟಿ ಬಂಡೆ. ಅದರ ನೆತ್ತಿ ಸಮತಟ್ಟಾಗಿದ್ದು, ಒಬ್ಬರು ನಿಲ್ಲುವಷ್ಟೇ ಜಾಗವಿದೆ. ಬಂಡೆಗೆ ಅರಿಸಿನ ಬಳಿದಿದ್ದಾರೆ. ಹತ್ತಲು ಮೂರು ಮೆಟ್ಟಿಲು ಕಡಿದಿದ್ದಾರೆ. ಪಕ್ಕದ ಹಲಗೆಯ ಮೇಲೆ 'ಆಟಗೇಡಿ ಬಂಡೆ. ಚಪ್ಪಲಿ ಬಿಟ್ಟು ಹತ್ತಬೇಕು' ಎಂದು ಬರೆದಿದೆ. ಹೊಸಬರು ಇದನ್ನು ಓದಿ ಗಲಿಬಿಲಿಗೊಳ್ಳುತ್ತಾರೆ. ಮನೆ ಕೆಡಿಸಿದವರನ್ನು ಮನೆಗೇಡಿ ಎನ್ನುವಂತೆ, ಆಟ ಕೆಡಿಸಿದವರನ್ನು ಈ ಕಡೆ ಆಟಗೇಡಿ ಎನ್ನುತ್ತಾರೆ. ಅದು ಬೈಗುಳ. ಆ ಬೈಗುಳಕ್ಕೇ ಇಲ್ಲಿ ಅರಿಸಿನ ಹಚ್ಚಿ ಕೈಮುಗಿಯುತ್ತಾರೆ.

ಹಿಂದೆ, ಊರಿಗೆ ಗಾಡಿದಾರಿಯೂ ಇಲ್ಲದಿದ್ದ ಕಾಲದಲ್ಲಿ, ಹಿಂಗಾರಿ ಜೋಳದ ರಾಶಿ ಮನೆ ಸೇರಿದ ಮೇಲೆ ವರ್ಷಕ್ಕೊಮ್ಮೆ ಇಲ್ಲಿ ಶೂರಕೇತು ಎಂಬ ರಾಜಕುಮಾರನ ಆಟ ನಡೆಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಶುರುವಾದ ಆಟ ಬೆಳಕು ಹರಿದ ಮೇಲೆ ಮುಗಿಯುತ್ತಿತ್ತು. ಮೊದಲ ಬಿಸಿಲು ಕಟ್ಟೆಗೆ ಬೀಳುವ ಹೊತ್ತಿಗೆ ಸರಿಯಾಗಿ ರಾಜಕುಮಾರ ರಣದಲ್ಲಿ ಸಾಯಬೇಕು. ಆಮೇಲೆ ಅವನ ಸುತ್ತ ನಿಂತು ಮೇಳದವರು ಶೋಕದ ಪದ ಹಾಡಬೇಕು. ಪದ ಮನಸ್ಸಿಗೆ ಹಿಡಿದರೆ ಜನ ಹೆಗಲ ಮೇಲಿನ ವಲ್ಲಿಯನ್ನು ಕಟ್ಟೆಗೆ ಎಸೆಯುತ್ತಿದ್ದರು. ಒಂದು ವಲ್ಲಿ ಬಿದ್ದರೂ ಪದವನ್ನು ಮೊದಲಿನಿಂದ ಹಾಡಬೇಕು ಎಂಬುದು ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು. ಕಟ್ಟೆಯ ಮೇಲೆ ಸತ್ತವನು ತಾನಾಗಿ ಏಳುವಂತಿರಲಿಲ್ಲ. ಎದ್ದರೆ ಆಟದ ಸಾವು ಮೈಗೆ ಅಂಟಿಕೊಂಡು ಮನೆಯವರೆಗೆ ಬರುತ್ತದೆ ಎಂದು ನಂಬಿದ್ದರು. ಪದ ಮುಗಿದ ಮೇಲೆ ಅವನ ಒಡಹುಟ್ಟಿದವರೊಬ್ಬರು ಒಂಟಿ ಬಂಡೆಯ ಮೇಲೆ ನಿಂತು ಮನೆಯ ಹೆಸರು ಹಿಡಿದು ಮೂರು ಸಲ ಕರೆಯಬೇಕು. ಮೂರನೆಯ ಕರೆಗೆ ಅವನು 'ಓ' ಎಂದು ಎದ್ದು ಬರಬೇಕು.

ಆ ಕಾಲದಲ್ಲಿ ಶೂರಕೇತುವಿನ ವೇಷ ಕಟ್ಟುತ್ತಿದ್ದವನು ದುರುಗಪ್ಪ. ಮನೆಯಲ್ಲಿ ಅವನ ಹೆಸರು ಕರಿಯ. ತಾಯಿ ಹೆರಿಗೆಯಲ್ಲೇ ತೀರಿಕೊಂಡಳು; ತಂದೆ ಹೋದಾಗ ಅವನಿಗೆ ಎಂಟು ವರ್ಷ. ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ ಹುಲಿಗೆವ್ವ. ಅವಳು ಅದೇ ಊರಿನ ಇನ್ನೊಂದು ಓಣಿಗೆ ಮದುವೆಯಾಗಿದ್ದಳು. ದುರುಗಪ್ಪನ ಸಾವು ನೋಡಲು ಎಂಟು ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು ಎನ್ನುತ್ತಾರೆ. ಬೇರೆಯವರು ಬಾಣ ತಾಗಿದೊಡನೆ ಕೂಗಿ ಬೀಳುತ್ತಿದ್ದರು. ದುರುಗಪ್ಪ ಕೂಗುತ್ತಿರಲಿಲ್ಲ. ಏನನ್ನೋ ಮರೆತು ಬಂದವನಂತೆ ಒಂದು ಗಳಿಗೆ ನಿಲ್ಲುತ್ತಿದ್ದ. ಹೊಲದಲ್ಲಿ ಗಳೆ ಹೊಡೆದು ದಣಿದವನಂತೆ ಮೆಲ್ಲಗೆ ಕೂರುತ್ತಿದ್ದ, ಒರಗುತ್ತಿದ್ದ. ಅವನ ಬಲಗೈ ಮಾತ್ರ ಕಲ್ಲಿನ ಮೇಲೆ ಅತ್ತ ಇತ್ತ ಏನೋ ಹುಡುಕಿ, ಸಿಗದೆ, ನಿಲ್ಲುತ್ತಿತ್ತು. ಆಮೇಲೆ ಉಸಿರು ಕಾಣುತ್ತಿರಲಿಲ್ಲ. ಎದೆಯ ಮೇಲೆ ನೊಣ ಕೂತರೂ ಮೈ ಅಲುಗುತ್ತಿರಲಿಲ್ಲ. ಮುದುಕರು ಬಾಯಿಗೆ ವಲ್ಲಿ ಒತ್ತಿಕೊಂಡು ಅಳುತ್ತಿದ್ದರು. ಆ ಕೈ ಯಾರದೆಂದು ಹುಲಿಗೆವ್ವನೊಬ್ಬಳಿಗೆ ಗೊತ್ತಿತ್ತು. ಅವರ ಅಪ್ಪ ಕಡೆಯ ಗಳಿಗೆಯಲ್ಲಿ ಕೌದಿಯ ಮೇಲೆ ಹೀಗೆಯೇ ಕೈಯಾಡಿಸಿದ್ದ. ಅಪ್ಪ ಏನು ಹುಡುಕಿದ ಎಂಬುದು ಅಕ್ಕ ತಮ್ಮ ಇಬ್ಬರಿಗೂ ತಿಳಿದಿರಲಿಲ್ಲ. ಊರಿನವರು ವರ್ಷಕ್ಕೊಮ್ಮೆ ರಾಜಕುಮಾರನ ಸಾವು ನೋಡುತ್ತಿದ್ದರು. ಹುಲಿಗೆವ್ವ ಅಪ್ಪನ ಸಾವು ನೋಡುತ್ತಿದ್ದಳು.

ಒಂದು ವರ್ಷ ಬಂಡೆಯ ಮೇಲೆ ನಿಂತಿದ್ದ ಅವಳಿಂದ ತಡೆಯಲಾಗಲಿಲ್ಲ. ಪದದ ಎರಡನೆಯ ನುಡಿಯಲ್ಲೇ, ತಮ್ಮನ ಎದೆ ಏರಿಳಿಯುವುದು ಕಾಣದೆ ಹೆದರಿ, 'ಕರಿಯಾ, ಏಳೋ' ಎಂದು ಕರೆದುಬಿಟ್ಟಳು. ಸತ್ತ ರಾಜಕುಮಾರ ತಟ್ಟನೆ ಎದ್ದು ಕೂತ. ಅಳುತ್ತಿದ್ದವರಿಗೆ ಮೊದಲು ಬೆಪ್ಪಾಯಿತು, ಆಮೇಲೆ ನಗು ಬಂತು. ಆಟ ಕಲಿಸಿದವನೂ ಪದ ಹಾಡುವವನೂ ಆದ ಅಮರಯ್ಯ ತಾಳವನ್ನು ಕೆಳಗಿಟ್ಟು ಕಟ್ಟೆಯಿಂದ ಇಳಿದು ಹೋದ. ಎಂಟು ಹಳ್ಳಿಯಲ್ಲಿ ಅದೇ ಸುದ್ದಿಯಾಯಿತು. ಅಂದಿನಿಂದ ಅವಳಿಗೆ ಆಟಗೇಡಿ ಎಂಬ ಹೆಸರು ಬಿತ್ತು. ಬಾವಿಕಟ್ಟೆಗೆ ಹೋದರೆ ಮುದುಕಿಯೊಬ್ಬಳು, "ಅಕಿ ಮೊದಲು ಸೇದ್ಕೊಂಡು ಹೋಗ್ಲಿ ಬಿಡ್ರವ್ವ. ನಿಂತ್ರ ನಮ್ಮ ನೀರೂ ಕೆಡಿಸ್ಯಾಳು" ಎನ್ನುತ್ತಿದ್ದಳು. ಅದನ್ನೆಲ್ಲ ಹುಲಿಗೆವ್ವ ನುಂಗಿಕೊಂಡಳು. ನುಂಗಲಾಗದ್ದು ತಮ್ಮನ ಮೌನ. ದುರುಗಪ್ಪ ಮುಂಗಾರು ಕಳೆದು ಹಿಂಗಾರು ಬಿತ್ತುವ ತನಕ ಅವಳ ಮನೆಯ ಹೊಸ್ತಿಲು ತುಳಿಯಲಿಲ್ಲ. ಬಂದಾಗ ಅವಳ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

"ಪದ ಮುಗಿಯೂತನಕ ಬಾಯಿ ಬಿಡಬ್ಯಾಡ ಯಕ್ಕಾ. ನನ್ನ ಮ್ಯಾಲ ಆಣಿ ಮಾಡು."

ಅವಳು ಆಣೆ ಮಾಡಿದಳು. ಅಂದು ರೊಟ್ಟಿ ಬಡಿಯುತ್ತ ಅವಳು ಅತ್ತಳೆಂದೂ, ತಮ್ಮ ಬಂದ ಸಂತೋಷಕ್ಕೆ ಅತ್ತೆನೆಂದು ಗಂಡನಿಗೆ ಹೇಳಿದಳೆಂದೂ ಅವಳ ಮನೆತನದವರು ಹೇಳುತ್ತಾರೆ.

ಮರುವರ್ಷದ ಆಟಕ್ಕೆ ಎಂಟು ದಿನವಿರುವಾಗ ದುರುಗಪ್ಪನಿಗೆ ಎಡಗಡೆಯ ಪಕ್ಕೆಯಲ್ಲಿ ನೋವು ಕಾಣಿಸಿಕೊಂಡಿತು. ಜೋಳದ ಚೀಲ ಹೊತ್ತದ್ದಕ್ಕೆ ಎಂದು ಅವನು ಲೆಕ್ಕಿಸಲಿಲ್ಲ. ಹುಲಿಗೆವ್ವ ಬಿಡದೆ ಕೇಳಿದಾಗ, ನಿನ್ನ ಒಣಗಿದ ಕಟಿರೊಟ್ಟಿ ಅಲ್ಲೇ ಸಿಕ್ಕೊಂಡಿರಬೇಕು ಎಂದು ಚೇಷ್ಟೆ ಮಾಡಿದ. ಈ ವರ್ಷ ವೇಷ ಬೇರೆಯವರು ಕಟ್ಟಲಿ ಎಂದು ಅವಳು ಸೂಚಿಸಿ ನೋಡಿದಳು. ಅವನು ಒಪ್ಪಲಿಲ್ಲ. ಹೋದ ವರ್ಷ ಕೆಟ್ಟ ಆಟವನ್ನು ಈ ವರ್ಷ ಎತ್ತಿ ನಿಲ್ಲಿಸದಿದ್ದರೆ ಅಮರಯ್ಯನ ಮುಖ ನೋಡುವುದು ಹೇಗೆ ಎಂದ. ಆಟದ ದಿನ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತ ಅವನೇ ಅವಳನ್ನು ಹತ್ತಿರ ಕರೆದು, "ಈ ಸಲ ಬ್ಯಾರೆ ತರ ಸಾಯ್ತೀನಿ ನೋಡಕ್ಕ. ಅಪ್ಪನ್ನ ಎಷ್ಟು ವರ್ಷ ಎಳ್ಕೊಂಡು ಬರೂದು" ಎಂದ. ಆ ಮಾತು ಕೇಳಿ ಅವಳಿಗೆ ಒಂದು ಬಗೆಯ ನೆಮ್ಮದಿಯೇ ಆಯಿತು. ಹಲಗೆಯ ಎದೆಕಟ್ಟನ್ನು ಇಬ್ಬರು ಹಿಂದಿನಿಂದ ಮೊಣಕಾಲು ಕೊಟ್ಟು ಬಿಗಿದರು. ಆ ವೇಷ ಬಿಗಿಯುವುದೇ ಹಾಗೆ.

ಅಂದಿನ ಆಟದ ಹಾಗೆ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ ಎನ್ನುತ್ತಾರೆ. ದುರುಗಪ್ಪ ನಕ್ಕರೆ ಬಯಲು ನಕ್ಕಿತು, ಸಿಟ್ಟಾದರೆ ಮಕ್ಕಳು ತಾಯಂದಿರ ಸೆರಗು ಹಿಡಿದವು. ಬೆಳಗಾಯಿತು. ಬಿಸಿಲು ಮೊದಲು ಕಿರೀಟಕ್ಕೆ, ಆಮೇಲೆ ಎದೆಕಟ್ಟಿಗೆ ಬಿತ್ತು. ವೈರಿಯ ಬಾಣ ಇನ್ನೂ ಬತ್ತಳಿಕೆಯಲ್ಲಿರುವಾಗಲೇ ಶೂರಕೇತು ಒಮ್ಮೆ ಎದೆ ಹಿಡಿದುಕೊಂಡು, ಬಂಡೆಯ ಕಡೆ ತಿರುಗಿ ನೋಡಿ, ನಿಂತಲ್ಲೇ ಕುಸಿದ. ವೈರಿಯ ವೇಷದವನು ಗಾಬರಿಯಾಗಿ ಬಾಣವನ್ನು ಬಿದ್ದವನ ಮೇಲೆ ಬಿಟ್ಟ. ಬಯಲಿಗೆ ಬಯಲೇ ಉಸಿರು ಹಿಡಿಯಿತು. ಬಾಣ ಬರುವ ಮೊದಲೇ ಸಾವನ್ನು ಕಂಡ ರಾಜಕುಮಾರನನ್ನು ಅವರು ಎಂದೂ ನೋಡಿರಲಿಲ್ಲ. ಅಮರಯ್ಯ ಕಣ್ಣು ಮುಚ್ಚಿ ಪದ ಎತ್ತಿದ.

ಬಂಡೆಯ ಮೇಲೆ ನಿಂತ ಹುಲಿಗೆವ್ವ ತಮ್ಮನ ಬಲಗೈಯನ್ನೇ ನೋಡುತ್ತಿದ್ದಳು. ಅದು ಏನನ್ನೂ ಹುಡುಕಲಿಲ್ಲ. ಮೈಯಡಿಯಲ್ಲಿ ಮಡಚಿ ಬಿದ್ದಿತ್ತು. ಇದು ಅಪ್ಪನ ಸಾವಲ್ಲ ಎಂಬುದಷ್ಟೇ ಅವಳಿಗೆ ಖಚಿತವಾಗಿ ತಿಳಿಯಿತು. ಹಾಗಾದರೆ ಯಾರದು? ಬೇರೆ ತರ ಸಾಯುತ್ತೇನೆಂದು ಅವನೇ ಹೇಳಿದ್ದಾನೆ, ಇದೇ ಅದು ಎಂದುಕೊಂಡಳು. ಕೈ ಹಾಗೆ ಮಡಚಿದರೆ ನೋಯುವುದಿಲ್ಲವೇ ಎಂದುಕೊಂಡಳು. ಹೋದ ವರ್ಷವೂ ಹೀಗೇ ಅನ್ನಿಸಿತ್ತು, ಆಗ ಅವನು ಗಟ್ಟಿಮುಟ್ಟಾಗಿ ಎದ್ದು ಕೂತಿದ್ದ. ಪದ ಮುಗಿಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಕಟ್ಟೆಯ ಮೇಲೆ ಎರಡು ವಲ್ಲಿ ಬಿದ್ದವು. ಅಮರಯ್ಯ ಮತ್ತೆ ಮೊದಲಿನಿಂದ ಎತ್ತಿದ. ಅವಳು ಒಂದು ಮೆಟ್ಟು ಇಳಿದಳು, ಮತ್ತೆ ಹತ್ತಿದಳು. ಕರೆದರೆ ಆಣೆ ಮುರಿಯುತ್ತದೆ. ಮುರಿದ ಆಣೆ ಯಾರ ತಲೆಯ ಮೇಲೆ ಕೈಯಿಟ್ಟಿದ್ದಳೋ ಅವನಿಗೇ ತಟ್ಟುತ್ತದೆ. ಕರೆಯದಿದ್ದರೆ? ಕೆಳಗೆ ಕೂತಿದ್ದ ಬಾವಿಕಟ್ಟೆಯ ಮುದುಕಿ ಅವಳ ಚಡಪಡಿಕೆ ಕಂಡು, ಈ ಸಲವೂ ಕೆಡಿಸಬೇಡ ತಾಯಿ ಎಂದು ಕೈಮುಗಿದಳು. ಮುದುಕಿಯ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಎರಡನೆಯ ಸಲ ಪದ ಮುಗಿದಾಗ ವಲ್ಲಿಗಳು ಮಳೆಯಂತೆ ಬಿದ್ದವು. ಒಂದು ದುರುಗಪ್ಪನ ಮುಖದ ಮೇಲೆಯೇ ಬಿತ್ತು. ಅವನು ಅದನ್ನು ಊದಿ ಸರಿಸಲಿಲ್ಲ. ಎಂಥ ಕಲಾವಿದ ಎಂದು ಜನ ತಮ್ಮತಮ್ಮಲ್ಲೇ ಅಂದುಕೊಂಡರು. ಮೂರನೆಯ ಸಲದ ಪದವನ್ನು ಹುಲಿಗೆವ್ವ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೇಳಿದಳು.

ಪದ ಮುಗಿದೊಡನೆ ಕರೆದಳು. "ಕರಿಯಾ, ಏಳೋ. ಮನೀಗೆ ಬಾ." ಬಯಲು ಕಾದಿತ್ತು. ಎರಡನೆಯ ಸಲ ಕರೆದಳು. ಮೂರನೆಯ ಸಲ ಕರೆದಳು. ಅವನು ಏಳಲಿಲ್ಲ. ಆಗ ಬಯಲಿನ ನಾಲ್ಕೂ ಕಡೆಯಿಂದ ಚಪ್ಪಾಳೆ ಎದ್ದಿತು. ಅಕ್ಕ ಕರೆದರೂ ಏಳದೆ ಮಲಗಿದ್ದನ್ನು ಜನ ಅವನ ಕಲೆಯ ಕೊನೆಯ ಮೆಟ್ಟಿಲೆಂದು ತಿಳಿದರು. ನಾಲ್ಕನೆಯ ಕರೆಯ ಪದ್ಧತಿ ಇರಲಿಲ್ಲ. ಅವಳು ನಾಲ್ಕನೆಯ ಸಲವೂ ಕರೆದಳು, ಐದನೆಯ ಸಲವೂ ಕರೆದಳು. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮೊದಲು ತಿಳಿದದ್ದು ಅಮರಯ್ಯನಿಗೆ. ಅವನು ಬಗ್ಗಿ ಮುಖದ ಮೇಲಿನ ವಲ್ಲಿ ತೆಗೆದ, ಮತ್ತೆ ಅಲ್ಲೇ ಹೊದಿಸಿದ. ಕಟ್ಟೆಯ ಮೇಲೆ ಬಿದ್ದ ವಲ್ಲಿಗಳಲ್ಲೇ ದುರುಗಪ್ಪನನ್ನು ಸುತ್ತಿ ಮನೆಗೆ ಒಯ್ದರು ಎನ್ನುತ್ತಾರೆ.

ಎದೆಕಟ್ಟು ಬಿಗಿದು ಉಸಿರು ನಿಂತಿತೆಂದು ಕೆಲವರು ಹೇಳುತ್ತಾರೆ. ಪಕ್ಕೆಯ ನೋವೇ ಎದೆಗೆ ಏರಿತೆಂದು ಕೆಲವರು ಹೇಳುತ್ತಾರೆ. ಬಿದ್ದ ಗಳಿಗೆಯಲ್ಲೇ ಹೋಗಿದ್ದನೋ, ಪದ ನಡೆಯುವಾಗ ಹೋದನೋ ಎಂಬುದನ್ನು ಇತ್ಯರ್ಥ ಮಾಡುವವರು ಇರಲಿಲ್ಲ. ಹುಲಿಗೆವ್ವನಿಗೆ ಮಾತ್ರ ಅದು ಬೇಕಾಗಿತ್ತು. ವರ್ಷಗಟ್ಟಲೆ ಅವಳು ಮೇಳದವರ ಮನೆಮನೆಗೆ ಹೋಗಿ ಒಂದೇ ಮಾತು ಕೇಳುತ್ತಿದ್ದಳು: ಹತ್ತಿರ ನಿಂತವರು ನೀವು, ಅವನ ಉಸಿರು ಯಾವ ಸಲದ ಪದದ ತನಕ ಇತ್ತು? ಮೊದಲ ಸಲವೇ ಹೋಗಿದ್ದ ತಾಯಿ ಎಂದು ಒಬ್ಬೊಬ್ಬರೂ ಹೇಳಿದರು. ಎಲ್ಲರೂ ಒಂದೇ ಮಾತು ಹೇಳಿದ್ದರಿಂದಲೇ ಅವಳು ನಂಬಲಿಲ್ಲ.

ಇಪ್ಪತ್ತು ವರ್ಷ ಕಟ್ಟೆಯ ಮೇಲೆ ಆಟವಾಗಲಿಲ್ಲ. ಆಮೇಲೆ ಊರಿನ ಹೊಸ ತಲೆಮಾರಿನವರು ಶೂರಕೇತುವಿನ ಆಟ ಮತ್ತೆ ಆಡಬೇಕೆಂದು ಮನಸ್ಸು ಮಾಡಿ, ಮುದುಕಿಯಾಗಿದ್ದ ಹುಲಿಗೆವ್ವನ ಅಪ್ಪಣೆ ಕೇಳಲು ಹೋದರು. ಅವರೊಂದಿಗೆ ಕಣ್ಣು ಮಂಜಾಗಿದ್ದ ಅಮರಯ್ಯನೂ ಇದ್ದ. ಅವಳು ಬೇಡವೆನ್ನಲಿಲ್ಲ. ಒಂದು ಮಾತು ನಡೆಸಬೇಕು ಎಂದಳು. "ಬಂಡಿ ಮ್ಯಾಲ ನಿಂತೋರು ಯಾವಾಗ ಬೇಕಾದ್ರೂ ಕರೀಲಿ. ಎಷ್ಟು ಸಲ ಬೇಕಾದ್ರೂ ಕರೀಲಿ. ಮಲಗಿದಾಂವ ಓ ಅನ್ಬೇಕು."

ಹಾಗೆ ಮಾಡಿದರೆ ಆಟ ಕೆಡುತ್ತದೆ, ಯಾರೂ ಅಳುವುದಿಲ್ಲ ಎಂದು ಅಮರಯ್ಯ ತೊದಲಿದ.

"ಕೆಡ್ಲಿ ಅಯ್ಯಾರ," ಎಂದಳು ಹುಲಿಗೆವ್ವ. "ನಮ್ಮ ಕರಿಯಾ ಆಟ ಕೆಡಿಸ್ಲಿಲ್ಲ ನೋಡ್ರಿ."

ಆ ವರ್ಷ ವೇಷದವನ ಅಕ್ಕನ ಜೊತೆ ಹುಲಿಗೆವ್ವನೂ ಬಂಡೆಯ ಬಳಿ ನಿಂತಳು. ಒಂದೇ ಪದದಲ್ಲಿ ಏಳು ಸಲ ಕರೆಸಿದಳು. ಏಳು ಸಲವೂ ಸತ್ತ ರಾಜಕುಮಾರ ಓಗೊಟ್ಟ. ಊರಿನವರು ಯಾರೂ ನಗಲಿಲ್ಲ. ಅವಳು ಹೋದ ಮೇಲೆ ಹಿರಿಯರು ಬಂಡೆಗೆ ಹುಲಿಗೆವ್ವನ ಬಂಡೆ ಎಂದು ಹೆಸರಿಡಲು ನೋಡಿದರು. ಆ ಹೆಸರು ನಿಲ್ಲಲಿಲ್ಲ. ಬಂಡೆ ಹತ್ತುವ ಹೆಂಗಸರು ಬೈಗುಳವನ್ನೇ ಉಳಿಸಿಕೊಂಡರು.

ಈಗಲೂ ಜೋಳದ ರಾಶಿಯ ನಂತರ ಆಟವಾಗುತ್ತದೆ. ದೂರದಿಂದ ನೋಡಲು ಬಂದವರು, ಶೋಕದ ಪದದ ನಡುವೆ ಬಂಡೆಯ ಮೇಲಿನಿಂದ ಒಂದು ಹೆಸರು ಕೇಳಿ, ಹೆಣ 'ಓ' ಎಂದಾಗ ನಗುತ್ತಾರೆ. ಮೇಳದವರಿಗೆ ಅದು ಅಭ್ಯಾಸವಾಗಿದೆ. ಸೀರಲದಿನ್ನಿಯ ಪದದಲ್ಲಿ ಪ್ರತಿ ನುಡಿಯ ಕೊನೆಗೆ ಒಂದು ತಾಳದಷ್ಟು ಖಾಲಿ ಬಿಟ್ಟಿರುತ್ತಾರೆ. ಬೇರೆ ಊರಿನ ಹಾಡುಗಾರರು ಇಲ್ಲಿ ಹಾಡಲು ಬಂದರೆ ಅಲ್ಲೇ ಎಡವುತ್ತಾರೆ. ಓಗೊಡುವುದು ಆ ಒಂದು ತಾಳಕ್ಕಿಂತ ತುಸು ತಡವಾಯಿತೆನ್ನಿ, ಮದ್ದಲೆ ತಾನಾಗಿ ನಿಲ್ಲುತ್ತದೆ. ಮುಂದಿನ ಸಾಲಿನಲ್ಲಿ ಕೂತ ಮುದುಕಿಯರು ನೆಲಕ್ಕೆ ಕೈಯೂರಿ ಎದ್ದು ನಿಲ್ಲುತ್ತಾರೆ.