ಬಿಲ್ಲೆ ನೋಡುತ್ತಿದ್ದ ಕಾವಲುಕಣ

ಎಲುಬಿನೊಳಗಿನ ಕತ್ತಲಲ್ಲೂ ನಮ್ಮನ್ನು ಮರೆಯದ ಕರುಣಾಳು ದೇವರಿಗೆ ಕೈಮುಗಿದು ಈ ಕಥೆ ಹೇಳುತ್ತೇನೆ.

ನಾಗವೇಣಿಯೆಂಬ ಹುಡುಗಿಗೆ ರಕ್ತದ ಕ್ಯಾನ್ಸರ್ ಬಂದಾಗ ಅಣ್ಣ ತಿಪ್ಪೇಶ ತನ್ನ ಅಸ್ಥಿಮಜ್ಜೆ ಕೊಟ್ಟ. ಅದರೊಡನೆ ಬಂದ ಬಿಳಿಯ ರಕ್ತಕಣವೊಂದು ಅವಳ ಎಲುಬಿನ ನಸುಗೆಂಪು ಓಣಿಗಳಲ್ಲಿ ತೇಲುತ್ತ ಕಾವಲಿಗೆ ನಿಂತಿತು. ಎದುರಾದ ಕಣಗಳ ಎದೆಯ ಗುರುತಿನ ಬಿಲ್ಲೆ ನೋಡುವುದು, ಅದರಲ್ಲಿ ಕೇಡು ಕಂಡರೆ ಕೊಲ್ಲುವುದು, ಇಷ್ಟೇ ಅದರ ಪದ್ಧತಿ.

ಒಂದು ದಿನ ವೈದ್ಯರು ಕೊಟ್ಟ ಎರಡು ಕೈಯ ಮದ್ದೊಂದು ತೇಲಿ ಬಂದು, "ನಮಸ್ಕಾರ ಅಣ್ಣಾವ್ರೇ, ನಿಮ್ಮ ಜೊತೆ ದುಡಿಯಲು ಬಂದೆ" ಎಂದಿತು.

"ಕ್ಯಾನ್ಸರಿನ ಕಳ್ಳರೆಲ್ಲ ಮುಗಿದರು ತಮ್ಮಾ. ತಡವಾಗಿ ಬಂದೆ, ಊಟವೂ ಇಲ್ಲ!" ಎಂದು ಕಣ ನಕ್ಕಿತು.

"ಹಾಗಾದರೆ ನಿಮ್ಮ ಪಕ್ಕ ಮಲಗಿರುವವನು ಯಾರು?"

"ಅವನಾ? ಪಾಪದವನು. ಬಿಲ್ಲೆಯೇ ಇಲ್ಲ, ಇನ್ನು ಕೇಡೆಲ್ಲಿಂದ?"

"ನಿಮ್ಮ ಕಣ್ಣು ತಪ್ಪಿಸಲೆಂದೇ ಅದನ್ನು ಕಿತ್ತೆಸೆದಿದ್ದಾನೆ. ಅವನ ಬೆನ್ನಿನ ಮಚ್ಚೆ ನಾನು ಬಲ್ಲೆ. ಆದರೆ ನನಗೆ ಹಿಡಿಯಲು ಬರುತ್ತದೆ, ಕೊಲ್ಲಲು ಬಾರದು. ಅವನು ಎದ್ದರೆ ರೋಗ ಮರಳುತ್ತದೆ. ಹುಡುಗಿ ಈ ಸಲ ತಾಳಲಾರಳು."

ಕಣದ ಬಿಂಕ ಇಳಿಯಿತು. ಮದ್ದು ಒಂದು ಕೈಯಲ್ಲಿ ಅದನ್ನು, ಇನ್ನೊಂದರಲ್ಲಿ ಮಲಗಿದವನನ್ನು ಹಿಡಿದು ಹತ್ತಿರಕ್ಕೆ ಎಳೆಯಿತು. ಕಣ ಬಿಲ್ಲೆ ಹುಡುಕಲಿಲ್ಲ. ಗೆಳೆಯನನ್ನು ನಂಬಿ ಹೊಡೆಯಿತು. ಕಳ್ಳ ಮಂಜಿನಂತೆ ಕರಗಿಹೋದ.

"ಇಂಥ ಎಷ್ಟು ಜನರನ್ನು ದಾಟಿ ಬಂದಿದ್ದೇನೋ!" ಎಂದು ಕಣ ಉಸಿರುಬಿಟ್ಟಿತು. "ನಡಿ ತಮ್ಮಾ, ಮೊದಲ ಓಣಿಯಿಂದಲೇ ಮತ್ತೆ ನೋಡೋಣ."

ಕೇಳಿದ ನಿಮಗೂ ನಿಮ್ಮ ಮಕ್ಕಳಿಗೂ ಭಗವಂತನು ಆಯುಸ್ಸು ಕೊಡಲಿ. ಕಾಣದ್ದನ್ನು ತೋರಿಸುವ ಜೊತೆಗಾರನನ್ನೂ ಕೊಡಲಿ.